ನೈರೋಬಿಯ ತಾರು

ನಾಗಪುರದ ಅಜನಿ ರೈಲ್ವೆ ಚಾಳಿನಲ್ಲಿ ನಮ್ಮ ಗೌರಮ್ಮ ವೈನಿ ರೊಟ್ಟಿ ಬಡಿಯಲು ಕೂತರೆ ಆ ಸಪ್ಪಳಕ್ಕೆ ಶೆಡ್ಡಿನ ಇಂಜಿನ್ನುಗಳು ನಾಚಿಕೊಂಡು ಸೀಟಿ ನಿಲ್ಲಿಸುತ್ತಿದ್ದವು. ದಿನಕ್ಕೆ ಮೂರು ಸಾವಿರ ಜೋಳದ ರೊಟ್ಟಿ. ಎಣಿಸಿದವರು ನೂರಿಪ್ಪತ್ತು ಎನ್ನುತ್ತಾರೆ. ಎಣಿಸುವವರನ್ನು ನಾನು ಎಂದೂ ನಂಬಿದವನಲ್ಲ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ಮರಿಯಪ್ಪ ರೈಲ್ವೆ ಗಾರ್ಡು. ನಲವತ್ತಮೂರನೆಯ ಇಸವಿಯಲ್ಲಿ ವಿಷಮಜ್ವರ ಬಂದು ಹನ್ನೊಂದೇ ದಿನಕ್ಕೆ ಹೋದ. ಉಳಿದವರು ನಾಲ್ಕು ಜನ: ನಮ್ಮವ್ವ ಮಹಾದೇವಮ್ಮ, ವೈನಿ, ಆಗ ಮೂರು ವರ್ಷದ ಕೂಸಾಗಿದ್ದ ಅವಳ ಮಗಳು ವಿಜಯಾ, ಮತ್ತು ನಾನು, ಉಮಾಪತಿ. ವೈನಿ ಮದುವೆಯಾಗಿ ಬಂದಾಗ ನನಗೆ ಹತ್ತು ವರ್ಷ. ನನ್ನ ಮೂಗು ಒರೆಸಿದವಳು, ಮಗ್ಗಿ ಕಲಿಸಿದವಳು, ನಾನು ಮಾವಿನಕಾಯಿ ಕದ್ದಾಗ ಮಾಲಿಯ ಕಾಲು ಹಿಡಿದು ಬಿಡಿಸಿಕೊಂಡು ಬಂದವಳು ಅವಳೇ.

ಅಣ್ಣ ಹೋದ ಮೇಲೆ ಅವಳು ಖಾನಾವಳಿ ತೆಗೆದಳು. ಒಬ್ಬಳೇ ಅಲ್ಲ, ಪಕ್ಕದ ಖೋಲಿಯ ಕಲಾವತಿಯೂ ಜೊತೆಗಿದ್ದಳು. ಒಬ್ಬಳು ಬಡಿದರೆ ಇನ್ನೊಬ್ಬಳು ಬೇಯಿಸುವಳು. ಆರು ವರ್ಷ ಒಂದೇ ಒಲೆ, ಒಂದೇ ಹಂಚು. ಆಮೇಲೆ ಕಲಾವತಿಯ ಗಂಡ, ತುಮಕೂರಿನ ರುದ್ರಪ್ಪನಿಗೆ ನೈರೋಬಿಯ ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ಅವರು ಹೊರಟ ಮೇಲೆ ವೈನಿ ಹಂಚನ್ನು ತೊಳೆಯದೆ ಮೂರು ದಿನ ಹಾಗೇ ಬಿಟ್ಟಿದ್ದಳು.

ನನ್ನ ಬಗ್ಗೆ ಹೆಚ್ಚು ಹೇಳುವುದಿಲ್ಲ. ರೈಲ್ವೆಯ ತಾರು ಕಚೇರಿಯಲ್ಲಿ ನಾನು ಕೀಲಿ ಮುಟ್ಟಿದರೆ ಕಲಕತ್ತೆಯ ಬಾಬುಗಳು ಎದ್ದು ನಿಲ್ಲುತ್ತಿದ್ದರು. ತಂತಿಯಲ್ಲಿ ಬರುವ ಕಟಕಟ ಸಪ್ಪಳ ಕೇಳಿಯೇ ಕಳಿಸಿದವನು ಊಟ ಮಾಡಿದ್ದಾನೋ ಇಲ್ಲವೋ ಹೇಳುತ್ತಿದ್ದೆ. ನನಗೆ ಹೆಣ್ಣು ಕೊಡಲು ಹನ್ನೆರಡು ಊರಿನವರು ಸಾಲು ನಿಂತಿದ್ದರು. ಸಾಲು ಇನ್ನೂ ನಮ್ಮ ಬಾಗಿಲಿನ ತನಕ ಬಂದಿರಲಿಲ್ಲ, ಅಷ್ಟೇ.

ಐವತ್ತೈದನೆಯ ಇಸವಿಯ ಜೂನ್ ಮೊದಲ ವಾರ. ಮಳೆ ಇನ್ನೂ ಬಂದಿರಲಿಲ್ಲ. ಹಾರುವ ಕಾಗೆಗಳು ಆಕಾಶದಲ್ಲೇ ಹುರಿದು ಅಂಗಳಕ್ಕೆ ಬೀಳುತ್ತಿದ್ದವು. ಅಂಥ ಮಧ್ಯಾಹ್ನದಲ್ಲಿ ಕಲಾವತಿಯ ಕಾಗದ ಬಂತು. ವೈನಿ ಕೈಯ ಹಿಟ್ಟು ಒರೆಸಿಕೊಂಡು, ಹೊಸ್ತಿಲ ಮೇಲೆ ಕೂತು, ಒಂದೊಂದೇ ಸಾಲು ತಾನೇ ಓದಿದಳು. ಹೊಟ್ಟೆಯಲ್ಲಿ ಗಡ್ಡೆ. ಎರಡು ತಿಂಗಳು ಔಷಧಿ ಕೊಟ್ಟು ಆಮೇಲೆ ಕೊಯ್ಯುತ್ತಾರಂತೆ. 'ಕೊಯ್ಯುವ ಮೊದಲು ನಿನ್ನ ಮಾರಿ ನೋಡಬೇಕು, ನಿನ್ನ ಕೂಡ ಕೂತು ಮಾತಾಡಬೇಕು. ಟಿಕೇಟಿನ ದುಡ್ಡನ್ನು ಇವರು ಮುಂಬಯಿಯ ವಿಮಾನ ಕಂಪನಿಗೆ ಕಟ್ಟಿದ್ದಾರೆ. ಬಾ.'

"ಹೋಗ್ತೀನಿ," ಎಂದಳು ವೈನಿ.

ಅವ್ವ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟಳು. "ಎಲ್ಲಿಗೆ?"

"ನೈರೋಬಿಗೆ."

"ಇತವಾರಿ ಪ್ಯಾಟಿಗೆ ಅಂದಾಂಗ ಅಂತೀಯಲ್ಲ! ಗಂಡ ಸತ್ತ ಹೆಣಮಗಳು ಒಬ್ಬಾಕೀನ ಹಾರಿಕೊಂಡು ಹೋಗ್ತಾಳಂತ. ಹದಿನಾಲ್ಕು ಮಂದಿ ದಿನಾ ಎರಡ ಹೊತ್ತು ಉಣ್ಣಾಕ ಬರ್ತಾರ, ಅವರಿಗೇನು ನನ್ನ ಮೂಳಿ ಕುದಿಸಿ ಹಾಕ್ಲೇನು?"

"ಎರಡ ತಿಂಗಳು, ಅತ್ತಿ. ರೊಟ್ಟಿ ಬಡಿಯಾಕ ಯಲ್ಲಮ್ಮನ್ನ ಗೊತ್ತು ಮಾಡ್ತೀನಿ."

"ಯಲ್ಲಮ್ಮನ ರೊಟ್ಟಿ ತಿಂದ್ರ ಅವರೆಲ್ಲಾ ಮರುದಿನಾನ ಮರಾಠಿ ಖಾನಾವಳಿಗೆ ಓಡ್ತಾರ."

"ಓಡ್ಲಿ. ಬಂದು ಕರಕೊಂಡ ಬರ್ತೀನಿ."

ನಾನು ನಡುವೆ ಬಾಯಿ ಹಾಕಿದೆ. "ಅಲ್ಲಿ ಈಗ ಮೌ ಮೌ ಅಂತ ದೊಡ್ಡ ಗದ್ದಲ ನಡದೈತಿ ವೈನಿ. ಪೇಪರ್‌ದಾಗ ಬಂದೈತಿ."

"ಮಾವಿನಹಣ್ಣಿಗ್ಯಾಕ ಗದ್ದಲ?" ಎಂದಳು ಅವ್ವ.

"ಹಣ್ಣಲ್ಲವ್ವಾ. ಬ್ರಿಟಿಷರ ಮ್ಯಾಲೆ ದಂಗೆ ಎದ್ದು ಕತ್ತಿ ಹಿಡಕೊಂಡು ಓಡಾಡ್ತಾರ. ದಿನಕ್ಕ ಹತ್ತ ಸಾವಿರ ತಲಿ."

"ಹತ್ತ ಸಾವಿರ ತಲಿ ನೀ ಎಣಿಸಿಯೇನು?" ಎಂದಳು ವೈನಿ. "ಕಲಾವತಿ ಇದ್ದಾಳಲ್ಲ ಅಲ್ಲಿ? ಆಕಿ ತಲಿ ಇದ್ದಲ್ಲೇ ನಂದೂ ಇರ್ತದ."

ಅವ್ವ ಅಂದು ರಾತ್ರಿಯಿಂದ ವೈನಿ ಬಡಿದ ರೊಟ್ಟಿ ಮುಟ್ಟಲಿಲ್ಲ. ಚುರುಮುರಿ ಮತ್ತು ಮಜ್ಜಿಗೆಯಲ್ಲಿ ಎಂಟು ದಿನ ಕಳೆದಳು. ನಾನು ಚಾಳಿನಲ್ಲಿ ಎಂಬತ್ತು ದಿನ ಎಂದೇ ಹೇಳಿದ್ದೇನೆ. ವೈನಿ ಒಲಿಸಲು ಹೋಗಲಿಲ್ಲ. ಪ್ರತಿ ಹೊತ್ತೂ ಅತ್ತೆಯ ತಾಟಿನಲ್ಲಿ ಎರಡು ರೊಟ್ಟಿ ಹಾಕುವಳು, ಮುಟ್ಟದ ರೊಟ್ಟಿಯನ್ನು ತೆಗೆದು ತಾನು ತಿನ್ನುವಳು. ಒಂಬತ್ತನೆಯ ದಿನ ಅವ್ವನೇ ತಾಟು ಎಳೆದುಕೊಂಡಳು.

ಕಾಗದಪತ್ರಗಳ ಕೆಲಸ ಸಿದ್ದಲಿಂಗಯ್ಯನ ಪಾಲಿಗೆ ಬಂತು. ಈತ ತುಮಕೂರಿನ ಕಡೆಯವನು, ಸಿವಿಲ್ ಲೈನ್ಸಿನ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತ, ಏಳು ವರ್ಷದಿಂದ ನಮ್ಮಲ್ಲೇ ಊಟ. ಮಾತು ಮೆತ್ತಗೆ, ಊಟ ಚುರುಕು. ಪಾಸ್‌ಪೋರ್ಟಿಗಾಗಿ ವೈನಿಯನ್ನು ಟಾಂಗಾದಲ್ಲಿ ಕೂಡಿಸಿಕೊಂಡು ಆರು ಸಲ ಹೋಗಿ ಬಂದ. ಫೋಟೋ ತೆಗೆಸಿದರು. ಚುಚ್ಚುಮದ್ದು ಚುಚ್ಚಿಸಿದರು. ಚುಚ್ಚಿದ ತೋಳು ಕುಂಬಳಕಾಯಿಯಾಗಿ ಊದಿಕೊಂಡರೂ ವೈನಿ ಆ ಸಂಜೆಯೂ ಹಿಟ್ಟು ನಾದಿದಳು.

ವಿಮಾನದ ವಿದ್ಯೆ ಮಾತ್ರ ನನ್ನ ಪಾಲಿನದು. ನಾನು ವಿಮಾನದಲ್ಲಿ ಹದಿನೇಳು ಸಲ ಹೋದವನೆಂದು ಚಾಳಿಗೆಲ್ಲ ಗೊತ್ತಿತ್ತು. ಖರೆ ಹೇಳಬೇಕೆಂದರೆ ಸೋನೆಗಾಂವ್ ವಿಮಾನದ ಮೈದಾನದ ಬೇಲಿಯ ಹೊರಗೆ ನಿಂತು ಹದಿನೇಳು ಸಲ ನೋಡಿದ್ದೆ. ಆದರೆ ಬೇಲಿ ಬಹಳ ಹತ್ತಿರವಿತ್ತು. ವೈನಿಯನ್ನು ಟ್ರಂಕಿನ ಮೇಲೆ ಕೂಡಿಸಿ, ಹಳೆಯ ಸೀರೆಯ ಅಂಚಿನಿಂದ ಸೊಂಟಕ್ಕೆ ಬಿಗಿದು, ಕಿವಿಗೆ ಹತ್ತಿ ತುರುಕಿ ಪಾಠ ಸುರುಮಾಡಿದೆ.

"ಒಂದ ಕಡೆ ವಾಲಬಾರದು ವೈನಿ. ನೀವು ಎಡಕ್ಕ ವಾಲಿದ್ರ ವಿಮಾನ ಎಡಕ್ಕ ವಾಲತೈತಿ. ಬರೋಬರ್ ನಡುವ ಕೂಡಬೇಕು."

"ಕಾಕಾ, ಪಂಖಾ ಬಂದ್ ಬಿದ್ರ?" ಎಂದಳು ವಿಜಯಾ.

"ಎಲ್ಲಾರೂ ಇಳಿದು ತಳ್ಳಬೇಕು."

ವೈನಿ ಕಿವಿಯಿಂದ ಹತ್ತಿ ತೆಗೆದಳು. "ಹದಿನೇಳು ಸಲ ಯಾವ್ಯಾವ ಊರಿಗೆ ಹೋಗಿದ್ದಿ ಉಮಾ?"

"ಅಷ್ಟ ಎತ್ತರದಿಂದ ಊರ ಹೆಸರಿನ ಬೋರ್ಡು ಕಾಣೂದಿಲ್ಲ ವೈನಿ."

ಅಂದು ಅವ್ವನೂ ನಕ್ಕಳು. ಆ ವರ್ಷ ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕಿದ್ದು ಅದೇ ಕಡೆಯದು.

ವಿಮಾನ ಆಗಸ್ಟ್ ಆರಕ್ಕೆ. ನಾಲ್ಕನೆಯ ತಾರೀಖಿನ ಸಂಜೆ ಮುಂಬಯಿ ಮೇಲು ರೈಲು ಹಿಡಿಯಬೇಕು. ವೈನಿ ಗಾಂಧಿಬಾಗಿಗೆ ಹೋಗಿ ಒಣಮೆಣಸಿನಕಾಯಿ, ಶೇಂಗಾ, ಗುರೆಳ್ಳು ತಂದು ಪುಡಿ ಕುಟ್ಟಿದಳು. ಕಟಕ ರೊಟ್ಟಿ ಬಡಿದು ಹಂಚಿನ ಮೇಲೆ ಒಣಗಿಸಿ, ಹಾಸಿದ ಧೋತರದಲ್ಲಿ ಕಟ್ಟಿಟ್ಟಳು. "ಅಲ್ಲಿ ಜ್ವಾಳ ಸಿಗೂದಿಲ್ಲಂತ. ಆಕಿ ರೊಟ್ಟಿ ಮುರಿದ ಸಪ್ಪಳ ಕೇಳಿ ಆರ ವರ್ಷ ಆತು," ಎಂದಳು.

ತಾರು ಬಂದದ್ದು ಆಗಸ್ಟ್ ಎರಡರ ಬೆಳಿಗ್ಗೆ. ನಿಮ್ಮ ಕಡೆ ತಂತಿ ಅನ್ನುತ್ತೀರಿ, ನಾಗಪುರದಲ್ಲಿ ತಾರು. ಅಂದು ನನಗೆ ಸೂಟಿ, ಮನೆಯಲ್ಲೇ ಇದ್ದೆ. ಜವಾನ ಸಹಿ ಹಾಕಿಸಿಕೊಂಡು ಹೋದ. ಮಳೆ ಸುರಿಯುತ್ತಿತ್ತು. ವೈನಿ ಒಲೆಯ ಮುಂದಿನಿಂದ ಎದ್ದು ಬಂದಳು, ಅವ್ವ ಬಂದಳು, ವಿಜಯಾ ಶಾಲೆಯ ಪಾಟಿಚೀಲ ಹೆಗಲಿಗೇರಿಸಿಕೊಂಡು ನಿಂತಳು. ಪಕ್ಕದ ಖೋಲಿಗಳಿಂದ ಅರ್ಧ ನಾಗಪುರ ನಮ್ಮ ಪಡಸಾಲೆಗೆ ಬಂತು. ನಾನು ಗಂಟಲು ಸರಿಮಾಡಿಕೊಂಡೆ.

ತಾರಿನಲ್ಲಿ ಕನ್ನಡ ಅಕ್ಷರ ಇಲ್ಲ. ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿ ಕಳಿಸಬೇಕು. ಅಲ್ಲಿ ಹ್ರಸ್ವ ದೀರ್ಘದ ಭೇದವಿಲ್ಲ, ಮಾತು ಎಲ್ಲಿ ನಿಂತಿತೆಂದು ತಿಳಿಸುವ ಚುಕ್ಕಿಯಿಲ್ಲ. ಪರದೇಶದಿಂದ ಬರುವ ತಾರಿಗೆ ಮಾತಿಗಿಷ್ಟು ಎಂದು ದುಡ್ಡು, ಹಾಗಾಗಿ ಮಾತೂ ಇರುವುದಿಲ್ಲ. ಕಾಗದದ ಮೇಲೆ ನಾಲ್ಕೇ ಮಾತಿದ್ದವು. ಮೊದಲು ಕಲಾವತಿ. ಕಡೆಗೆ ರುದ್ರಪ್ಪ. ನಡುವೆ ಎರಡು. ಒಂದು: ಎನ್, ಐ, ಡಿ, ಎಚ್, ಎ, ಎನ್, ಎ. ಇನ್ನೊಂದು: ಬಿ, ಇ, ಡಿ, ಎ.

ಓದುವವನು ಒಂದು ಗಳಿಗೆ ತಡೆದು ಓದಬೇಕು. ತಡೆಯುವುದು ಕಲಿಯದವರ ಕೆಲಸ, ನಾನು ತಡೆಯಲಿಲ್ಲ.

"ಕಲಾವತಿ ನಿಧನ," ಎಂದೆ. "ಬೇಡ. ಅಂದರೆ, ಬರೂದು ಬ್ಯಾಡ. ರುದ್ರಪ್ಪ."

 ವೈನಿ ಕೇಳಿದಳು. "ನಿಧನ ಅಂದ್ರ?"

ಅದಕ್ಕೆ ವಿಜಯಾ ಉತ್ತರ ಕೊಟ್ಟಳು. ಅವಳು ಮರಾಠಿ ಶಾಲೆಯವಳು. "ಮೃತ್ಯು, ಅವ್ವಾ. ಪೇಪರ್‌ದಾಗ ರೋಜ್ ಬರತೈತಿ, ಅಮುಕಾಂಚೆ ನಿಧನ, ಇಂಥವರು ತೀರಿಕೊಂಡ್ರು ಅಂತ."

ವೈನಿ ಅಳಲಿಲ್ಲ. ಹೊರಗಿನ ನಲ್ಲಿಗೆ ಹೋಗಿ, ಸುರಿಯುವ ಮಳೆಯಲ್ಲೇ ಕೊಡ ತುಂಬಿ ತಲೆಯ ಮೇಲೆ ಸುರಿದುಕೊಂಡಳು. ಒಂದು ಕೊಡ, ಎರಡು ಕೊಡ, ಮೂರು ಕೊಡ. ಅವ್ವ ಹೋಗಿ ಕೈ ಹಿಡಿದು ಕರೆದುಕೊಂಡು ಬಂದಳು. "ಆತ ಬಿಡು ಗೌರಾ. ಆಕಿ ಋಣ ಅಷ್ಟ ಇತ್ತು. ಹಾದ್ಯಾಗ ಇದ್ದಾಗ ಸುದ್ದಿ ಬಂದಿದ್ರ ನೀ ಏನ ಮಾಡ್ತಿದ್ದಿ?" ಎಂದಳು. ಅವ್ವನ ದನಿಯಲ್ಲಿ ದುಃಖವಿತ್ತು. ದುಃಖದ ಅಡಿಯಲ್ಲಿ ಎಂಟು ದಿನದ ಚುರುಮುರಿಗೆ ಸಿಕ್ಕ ಜಯವೂ ಇತ್ತು.

ನಾನೇ ಹೋಗಿ ಮುಂಬಯಿಯ ಕಂಪನಿಗೆ ತಾರು ಕೊಟ್ಟು ಸೀಟು ಬಿಡಿಸಿದೆ. ಟಿಕೇಟು ಒಂದು ವರ್ಷದ ತನಕ ನಡೆಯುತ್ತದೆಂದು ಅವರು ತಿಳಿಸಿದರು.

ನಾಲ್ಕನೆಯ ತಾರೀಖು. ಬೆಳಿಗ್ಗೆ ಒಂಬತ್ತು ಗಂಟೆ, ಪಂಕ್ತಿಯಲ್ಲಿ ಹದಿನಾಲ್ಕು ಜನ. ವೈನಿ ಎಂದಿನಂತೆ ಬಡಿಸುತ್ತಿದ್ದಳು, ಕೈ ಮಾತ್ರ ತಡೆತಡೆದು ಹೋಗುತ್ತಿತ್ತು. ನೈರೋಬಿಗೆಂದು ಕಟ್ಟಿಟ್ಟ ಕಟಕ ರೊಟ್ಟಿಯನ್ನೂ ಶೇಂಗಾ ಪುಡಿಯನ್ನೂ ಎಲ್ಲರ ತಾಟಿಗೂ ಹಾಕುತ್ತ ಬಂದಳು. ನನ್ನ ಎದುರಿಗೆ ಸಿದ್ದಲಿಂಗಯ್ಯ ಕೂತಿದ್ದ. ಗಡಿಯಾರ ನೋಡಿ, ಸಂಕೋಚದಿಂದ ಅಂದ: "ಗೌರಮ್ಮನವರೇ, ತಪ್ಪು ತಿಳೀಬೇಡಿ. ಇವತ್ತು ಸಾಹೇಬರು ಬರ್ತಾರೆ. ನಿಧಾನ ಬೇಡ, ಅನ್ನ ಸಾರು ಒಟ್ಟಿಗೇ ಹಾಕಿಬಿಡಿ."

ನನ್ನ ಕೈಯ ತುತ್ತು ಬಾಯಿಗೆ ಬರಲಿಲ್ಲ.

ನಿಧಾನ ಬೇಡ. ನಮ್ಮ ಕಡೆ ತಡಾ ಮಾಡಬ್ಯಾಡ ಅನ್ನುತ್ತೇವೆ. ತುಮಕೂರಿನವರು ನಿಧಾನ ಬೇಡ ಅನ್ನುತ್ತಾರೆ. ಸಿದ್ದಲಿಂಗಯ್ಯ ತುಮಕೂರಿನವನು. ರುದ್ರಪ್ಪನೂ ತುಮಕೂರಿನವನು. ನಿಧನಕ್ಕೂ ಅವೇ ಏಳಕ್ಷರ, ನಿಧಾನಕ್ಕೂ ಅವೇ ಏಳಕ್ಷರ. ತಾರು ಕಿಸೆಯಲ್ಲೇ ಇತ್ತು, ತೆಗೆದು ನೋಡಬೇಕಾಗಿರಲಿಲ್ಲ.

ತಾಟಿನಲ್ಲಿ ಎರಡು ರೊಟ್ಟಿ ಉಳಿದಿದ್ದವು. ಬಿಟ್ಟು ಎದ್ದೆ.

"ಯಾಕ ಉಮಾ?" ಎಂದಳು ವೈನಿ.

"ಹೊಟ್ಟಿ ಭಾರ ಐತಿ."

ಮುಂಬಯಿ ಮೇಲಿಗೆ ಇನ್ನೂ ಇಡೀ ಹಗಲಿತ್ತು. ಸೀಟು ಬಿಡಿಸಿದ ನಾನೇ ಅದನ್ನು ಮತ್ತೆ ಹಿಡಿಸಬಹುದಿತ್ತು. ಒಂದೇ ಮಾತು: 'ವೈನಿ, ನಾ ತಪ್ಪು ಓದೀನಿ.' ಆ ದಿನ ಕಚೇರಿಯಲ್ಲಿ ನಾನು ಸಾವಿರ ತಾರು ಕಳಿಸಿದೆ, ಒಂದು ಅಕ್ಷರ ತಪ್ಪಲಿಲ್ಲ. ಸಂಜೆ ಮುಂಬಯಿ ಮೇಲು ಹೊರಟ ಸುದ್ದಿಯನ್ನು ಮುಂದಿನ ಸ್ಟೇಷನ್ನಿಗೆ ಕೊಟ್ಟವನೂ ನಾನೇ. ಮನೆಗೆ ಬಂದೆ. ಅರ್ಧ ನಾಗಪುರದ ಮುಂದೆ ಓದಿದ ತಾರು ಅದು. ಮೇಲಾಗಿ ಒಲೆ ಉರಿಯುತ್ತಿತ್ತು, ಬಿಸಿ ರೊಟ್ಟಿ ಇತ್ತು, ಬದನೆಕಾಯಿ ಎಣ್ಣೆಗಾಯಿ ಇತ್ತು. ಕೂತು ಉಂಡೆ.

 ಐದಾರು ದಿನ ಬಿಟ್ಟು ವೈನಿ, "ರುದ್ರಪ್ಪಗ ಒಂದ ಕಾಗದ ಬರಿ ಉಮಾ. ನನ್ನ ಕೈಲೆ ಬರಿಯಾಕ ಆಗೂದಿಲ್ಲ," ಎಂದಳು. ಅವಳು ಹೇಳಿದಂತೆ ಬರೆದೆ. ಕಲಾವತಿಯ ಹಸಿರು ಇಳಕಲ್ ಸೀರೆ ತನ್ನ ಹತ್ತಿರವೇ ಉಳಿದಿದೆ, ಅದನ್ನು ಯಾರಿಗಾದರೂ ಕೊಡಲೋ, ಇಟ್ಟುಕೊಳ್ಳಲೋ ಎಂದು ಕೇಳಿದ್ದಳು.

"ಹಾಕಿದೇನು?" ಎಂದು ಮರುದಿನ ಕೇಳಿದಳು.

"ಹಾಕಿದೆ."

ಹಾಕಿರಲಿಲ್ಲ. ಸತ್ತವಳ ಮನೆಗೆ ಹೋಗುವ ಕಾಗದ ಬದುಕಿರುವವಳ ಕೈಗೆ ಸಿಕ್ಕರೆ ನನ್ನ ಗತಿ ಏನು? ಅದನ್ನು ಕಚೇರಿಯ ಹಿಂದಿನ ಚರಂಡಿಗೆ ಬಿಟ್ಟೆ.

ಅವ್ವ ಇನ್ನೊಂದು ರಾಗ ತೆಗೆದಳು. "ಟಿಕೇಟು ವಾಪಸ್ ಕೊಟ್ರ ರೊಕ್ಕ ಬರತೈತಂತಲ್ಲೋ ಉಮ್ಯಾ? ಅಡಗಿಮನಿ ತಗಡು ಸೋರಾಕತ್ತೈತಿ."

"ರುದ್ರಪ್ಪನ ರೊಕ್ಕ ಅದು. ಅವರ ಮನ್ಯಾಗ ಸತ್ತಾರ, ನಮ್ಮ ತಗಡು ಸೋರೂದು ದೊಡ್ಡದಾತೇನು?" ಎಂದಳು ವೈನಿ. ಟಿಕೇಟನ್ನು ಸಾಸಿವೆ ಡಬ್ಬಿಯ ತಳದಲ್ಲಿಟ್ಟಳು.

ಆಗಸ್ಟ್ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ ಪಂಕ್ತಿ ಕೂತಿದ್ದಾಗ, ಅಂಚೆಯವನು ನೀಲಿ ಕಾಗದ ತಂದು ಕೊಟ್ಟ. ವೈನಿ ಮೇಲಿನ ಅಕ್ಷರ ನೋಡಿದಳು. ಸೌಟು ಕೈಯಲ್ಲೇ ಇತ್ತು. 

"ಇದು ಕಲಾವತಿ ಅಕ್ಷರ."

"ಹಳೇ ಕಾಗದ ತಡ ಆಗಿ ಬಂದಿರಬೇಕು," ಎಂದಳು ಅವ್ವ.

ವೈನಿ ತಾರೀಖು ನೋಡಿದಳು. ಒಡೆದು ಓದತೊಡಗಿದಳು. ಪಂಕ್ತಿಯ ಹದಿನಾಲ್ಕು ಜನ ತುತ್ತು ನುಂಗದೆ ಕೂತರು. ಮೊದಲ ಸಾಲು ಮೆಲ್ಲಗೆ, ಆಮೇಲೆ ಎಲ್ಲರಿಗೂ ಕೇಳುವಂತೆ ಓದಿದಳು.

'ಗೌರಾ, ಡಾಕ್ಟರು ಅವಸರ ಮಾಡಿದರು. ಅದಕ್ಕೇ ಇವರು ತಾರು ಕೊಟ್ಟರು. ಆರನೆಯ ತಾರೀಖಿನ ವಿಮಾನಕ್ಕೂ ಹೋಗಿ ನೋಡಿ ಬಂದರು, ಮುಂದಿನ ಎರಡು ವಿಮಾನಕ್ಕೂ ಹೋಗಿ ಬಂದರು. ಕೊಯ್ಯುವುದನ್ನು ಎರಡು ಸಲ ಮುಂದೆ ಹಾಕಿಸಿದೆ, ಇನ್ನು ಆಗುವುದಿಲ್ಲವಂತೆ. ಇನ್ನೊಂದು ತಾರು ಕೊಡುತ್ತೇನೆ ಅಂದರು. ನಾನೇ ಬ್ಯಾಡ ಅಂದೆ. ಬರುವವಳು ಒಂದು ತಾರಿಗೇ ಬರುತ್ತಾಳೆ. ನಿನಗೆ ಆಗಲಿಲ್ಲವೇನೋ. ಒಂದು ಕಾಗದ ಹಾಕಬಹುದಿತ್ತು. ಸಿಟ್ಟಿಲ್ಲ. ನಾಳೆ ಒಯ್ಯುತ್ತಾರೆ.'

ಕಾಗದ ಬರೆದು ಹದಿನಾಲ್ಕು ದಿನವಾಗಿತ್ತು.

"ಉಮಾ, ಆ ತಾರು ಎಲ್ಲೈತಿ?"

ತಂದುಕೊಟ್ಟೆ. ವೈನಿ ಅದನ್ನು ಮಗಳ ಕೈಗೆ ಕೊಟ್ಟಳು. "ಅಕ್ಷರ ಅಕ್ಷರ ಬಿಡಿಸಿ ಓದು."

ವಿಜಯಾ ಒಂದೊಂದೇ ಅಕ್ಷರ ಹೇಳಿದಳು. ಏಳು ಅಕ್ಷರ, ಆಮೇಲೆ ನಾಲ್ಕು. ಅವಳು ಮುಗಿಸುವ ಮೊದಲೇ ಸಿದ್ದಲಿಂಗಯ್ಯ ಅಂದ, "ನಿಧಾನ ಬೇಡ ಅಂತಲ್ಲವೇ? ಬೇಗ ಬನ್ನಿ ಅಂತ." ಅಂದವನೇ ನನ್ನ ಮುಖ ನೋಡಿ ತಲೆ ತಗ್ಗಿಸಿದ.

"ಅಕ್ಷರದ ತಪ್ಪು ಅದು," ಎಂದೆ. "ಇಂಗ್ಲಿಷ್‌ದಾಗ ದೀರ್ಘ ಇಲ್ಲ ವೈನಿ. ಪ್ರಪಂಚದಾಗ ಯಾರು ಓದಿದ್ರೂ—"

"ಓದಿದ್ದು ಬಿಡು. ಆಮ್ಯಾಲೆ ನಿನಗ ಗೊತ್ತಾಗಿತ್ತೇನು?"

"ಇಲ್ಲ."

"ನಾಲ್ಕನೇ ತಾರೀಖು ಎರಡ ರೊಟ್ಟಿ ಬಿಟ್ಟು ಎದ್ದಿ."

"ಹೊಟ್ಟಿ ಭಾರ—"

"ಇಪ್ಪತ್ತು ವರ್ಷ ನಿನಗ ರೊಟ್ಟಿ ಹಾಕೀನಿ. ನಿಮ್ಮಣ್ಣ ಸತ್ತ ದಿನಾನೂ ನೀ ರೊಟ್ಟಿ ಬಿಟ್ಟಾಂವ ಅಲ್ಲ. ಸಿದ್ದಲಿಂಗಯ್ಯನವರು ಏನೋ ಅಂದ್ರು, ನೀ ಎದ್ದಿ. ಅವತ್ತ ಸಂಜಿಗೆ ಮೇಲು ಇತ್ತು." ದನಿ ಏರಲಿಲ್ಲ. "ನಾ ಬರೆಸಿದ ಕಾಗದ?"



ಅವ್ವ ನಡುವೆ ಬಂದಳು. "ಹೋಗ್ಲಿ ಬಿಡ ಗೌರಾ, ಹುಡುಗ ಗಾಬರಿ ಆಗಿದ್ದ—"

"ಹುಡುಗ ಅಲ್ಲ ಅತ್ತಿ, ಮೂವತ್ತ ವರ್ಷದಾಂವ. ನಿಮಗ ಹದಿನಾಲ್ಕು ತಾಟು ಉಳೀಬೇಕಾಗಿತ್ತು, ಇವಗ ತನ್ನ ಹೆಸರು ಉಳೀಬೇಕಾಗಿತ್ತು. ನನಗ ಇದ್ದಾಕಿ ಆಕಿ ಒಬ್ಬಾಕೀನ."

ಸಾಸಿವೆ ಡಬ್ಬಿ ತೆಗೆದು ತಾಟಿನ ಮೇಲೆ ಬೋರಲು ಹಾಕಿದಳು. ಸಾಸಿವೆಯೊಳಗಿಂದ ಟಿಕೇಟು ಬಿತ್ತು. ಅದನ್ನು ಸೆರಗಿನಿಂದ ಒರೆಸಿ ಸಿದ್ದಲಿಂಗಯ್ಯನ ಮುಂದೆ ಇಟ್ಟಳು. "ಮುಂದಿನ ವಿಮಾನ ಯಾವಾಗ ಐತಿ ಕೇಳ್ರಿ. ನಿಧಾನ ಬ್ಯಾಡ್ರಿ."

ಆರನೇ ದಿನಕ್ಕೆ ಹೊರಟಳು. ಮೊದಲ ದರ್ಜೆಯ ಪಾಸು ಕೊಡಿಸುತ್ತೇನೆ, ಮುಂಬಯಿ ತನಕ ನಾನೇ ಬಂದು ವಿಮಾನ ಹತ್ತಿಸುತ್ತೇನೆಂದು ನಾನು ಮೂರು ತಿಂಗಳಿಂದ ಊರಿಗೆಲ್ಲ ಹೇಳಿದ್ದೆ. ಅವಳು ತನ್ನ ದುಡ್ಡಿನಲ್ಲಿ ಮೂರನೆಯ ದರ್ಜೆಯ ಟಿಕೇಟು ತೆಗೆಸಿದಳು. ಸ್ಟೇಷನ್ನಿನಲ್ಲಿ ಟ್ರಂಕಿಗೆ ಕೈ ಹಾಕಿದೆ.

"ಇಡು ಕೆಳಗ."

ಟ್ರಂಕಿನ ಒಂದು ಹಿಡಿ ಅವಳು, ಇನ್ನೊಂದು ಹಿಡಿ ವಿಜಯಾ ಹಿಡಿದು ಒಳಗಿಟ್ಟರು. ಈ ಸಲ ರೊಟ್ಟಿಯ ಗಂಟು ಕಟ್ಟಿರಲಿಲ್ಲ. ಹಸಿರು ಇಳಕಲ್ ಸೀರೆ ಮಾತ್ರ ಟ್ರಂಕಿನಲ್ಲಿತ್ತು.

"ಅವ್ವಾ, ನೀ ತಾರು ಕೊಟ್ರ ಯಾರು ಓದೋರು?" ಎಂದಳು ವಿಜಯಾ, ಕಿಟಕಿಯ ಸರಳು ಹಿಡಿದು.

"ನೀ ಓದು. ತಿಳೀಲಿಲ್ಲಂದ್ರ ತಿಳೀಲಿಲ್ಲ ಅನ್ನು. ತಿಳದಾಂಗ ಓದಬ್ಯಾಡ."

ಮನೆಗೆ ಯಲ್ಲಮ್ಮ ಬಂದಳು, ನಾಲ್ಕು ದಿನಕ್ಕೆ ಅವ್ವನೊಡನೆ ಜಗಳವಾಡಿ ಹೋದಳು. ಅವ್ವ ರೊಟ್ಟಿ ಬಡಿದಳು, ಬೆರಳು ಸುಟ್ಟುಕೊಂಡಳು. ನಾನು ನೀರು ತಂದೆ, ಪಾತ್ರೆ ತಿಕ್ಕಿದೆ, ಸೌದೆ ಒಡೆದೆ. ಹದಿನಾಲ್ಕು ಜನ ಒಂಬತ್ತಾದರು, ಒಂಬತ್ತು ಐದಾದರು. ದಸರೆಯ ಹೊತ್ತಿಗೆ ಸಿದ್ದಲಿಂಗಯ್ಯನೊಬ್ಬನೇ ಬರುತ್ತಿದ್ದ, ಬೆಂದದ್ದನ್ನೂ ಬೇಯದ್ದನ್ನೂ ಸುಮ್ಮನೆ ತಿಂದು ಕೈ ತೊಳೆಯುತ್ತಿದ್ದ. ಚಾಳಿನಲ್ಲಿ ತಾರು ಬಂದರೆ ಈಗ ನನ್ನ ಹತ್ತಿರ ತರುತ್ತಿರಲಿಲ್ಲ. ಮೂಲೆ ಮನೆಯ ಮಾಸ್ತರರ ಹತ್ತಿರ ಒಯ್ಯುತ್ತಿದ್ದರು.

ಅಕ್ಟೋಬರಿನಲ್ಲಿ ವೈನಿಯ ಕಾಗದ ಬಂತು, ವಿಜಯಾಳ ಹೆಸರಿಗೆ. ವಿಜಯಾಳ ಕನ್ನಡ ಓದು ಕಲ್ಲುಹಾದಿಯ ಚಕ್ಕಡಿ. ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುವಳು. ನಾನು ಹೇಳಿಕೊಡಲು ಬಾಯಿ ತೆರೆದರೆ, "ನೀ ಸುಮ್ನಿರು ಕಾಕಾ," ಎನ್ನುವಳು. ಅರ್ಧ ತಾಸು ಹಿಡಿಯಿತು.

'ವಿಜಯಾ, ವಿಮಾನ ವಾಲುವುದಿಲ್ಲ. ನಿಮ್ಮ ಕಾಕಾ ಹೇಳಿದ್ದು ಒಂದೂ ಖರೆ ಅಲ್ಲ. ಮೊದಲು ಕಿವಿ ಮುಚ್ಚಿಕೊಂಡಿತು, ಆಮೇಲೆ ಎಲ್ಲ ದಿನದಂತೆಯೇ. ಬದಿಗೆ ಕೂತವರಿಗೆ ನನ್ನ ಮಾತು ಬರಲಿಲ್ಲ, ನನಗೆ ಅವರದು ಬರಲಿಲ್ಲ. ಕೆಳಗೆ ಬರೀ ನೀರು, ಮುಗಿಯಲಾರದ ನೀರು. ಏಡನ್ ಎಂಬಲ್ಲಿ ಇಳಿಸಿದರು. ಅಲ್ಲಿಯ ಬಿಸಿಲು ನಮ್ಮ ನಾಗಪುರದ್ದೇ, ಮಾಡಲು ಕೆಲಸ ಮಾತ್ರ ಇರಲಿಲ್ಲ. ಹುಟ್ಟಿದ ಮೇಲೆ ಇಷ್ಟು ಹೊತ್ತು ಕೈ ಕಟ್ಟಿಕೊಂಡು ಕೂತದ್ದು ಇದೇ ಮೊದಲು. ಮುಂದಿನ ಬಾಗಿಲ ಕಡೆಗೇ ನೋಡುತ್ತ ಬಂದೆ.

'ಕಲಾವತಿ ಇದ್ದಾಳೆ. ಕೊಯ್ದ ಮೇಲೆ ಹದಿನೈದು ದಿನ ಚೆನ್ನಾಗಿ ಮಾತಾಡಿದಳಂತೆ, ಆಮೇಲೆ ಜ್ವರ ತಲೆಗೇರಿ ಮಾತು ಹೋಯಿತು. ನಾನು ಬರುವ ಐದು ದಿನ ಮೊದಲು. ಕಣ್ಣು ತೆರೆಯುತ್ತಾಳೆ, ನನ್ನ ಗುರುತಿಲ್ಲ. ಹಸಿರು ಸೀರೆ ಮೈಮೇಲೆ ಹೊದಿಸಿದೆ. ಅದರ ಅಂಚು ಹಿಡಿದುಕೊಳ್ಳುತ್ತಾಳೆ. ನನಗೆ ಏನೋ ಹೇಳುವುದಿತ್ತು ಎಂದು ರುದ್ರಪ್ಪನವರ ಹತ್ತಿರ ಅನ್ನುತ್ತಿದ್ದಳಂತೆ. ಏನೆಂದು ಅವರಿಗೂ ಗೊತ್ತಿಲ್ಲ.'

ವಿಜಯಾ ಕಾಗದ ಮಡಿಸಿ ತನ್ನ ಮರಾಠಿ ಪುಸ್ತಕದಲ್ಲಿಟ್ಟಳು. ಅವ್ವ, "ನನ್ನ ಸುದ್ದಿ ಏನೂ ಕೇಳಿಲ್ಲೇನು?" ಎಂದಳು. 

ದೀಪಾವಳಿಗೆ ಇನ್ನೂ ಒಂಬತ್ತು ದಿನವಿರುವಾಗ ತಾರು ಬಂತು. ವಿಜಯಾ ಸಹಿ ಮಾಡಿ ತೆಗೆದುಕೊಂಡಳು. ಅಂಗಳದಲ್ಲಿ ನಿಂತು ಅಕ್ಷರ ಅಕ್ಷರ ಬಿಡಿಸಿದಳು. ಮೊದಲು ಕಲಾವತಿ, ಆಮೇಲೆ ಆ ಏಳಕ್ಷರ. ಆಮೇಲೆ ನಾನು, ಮತ್ತೆ ಅವೇ ಏಳಕ್ಷರ. ಕಡೆಗೆ ಗೌರಮ್ಮ. ಎರಡು ಸಲ ಓದಿದಳು, ಮೂರು ಸಲ ಓದಿದಳು.

"ತಿಳೀಲಿಲ್ಲ," ಎಂದಳು.  "ಕಾಕಾ, ನೀ ನೋಡು."

ನೋಡಿದೆ. ಇಂಥ ಐದು ಮಾತನ್ನು ಮೊದಲಿನ ಉಮಾಪತಿ ಕುದುರೆಯ ಮೇಲೆ ಕೂತು ಓದುತ್ತಿದ್ದ.

"ಕಲಾವತಿ ನಿಧನ," ಎಂದೆ. "ನಾನು ನಿಧಾನ. ಅಂದ್ರ, ಬರೂದು ತಡ ಆಗತದ ಅಂತ."

"ಎರಡೂ ಒಂದ ಮಾತಲ್ಲೋ?" ಎಂದಳು ಅವ್ವ, ಸುಟ್ಟ ಬೆರಳಿಗೆ ಸುತ್ತಿದ ಬಟ್ಟೆ ಬಿಗಿಮಾಡಿಕೊಳ್ಳುತ್ತ. "ಯಾವುದು ಸಾವು, ಯಾವುದು ತಡಾ, ಹ್ಯಾಂಗ ಹೇಳ್ತಿ?"

"ಮೊದಲಿಂದು ಸಾವು. ಎರಡನೇದು ತಡಾ."

"ಖಾತ್ರಿ ಐತೇನು?"

ಅವ್ವ ನೋಡಿದಳು, ವಿಜಯಾ ನೋಡಿದಳು. ಊಟಕ್ಕೆ ಬಂದ ಸಿದ್ದಲಿಂಗಯ್ಯ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ನೋಡಿದ.

"ಖಾತ್ರಿ ಇಲ್ಲವ್ವಾ," ಎಂದೆ. "ಕೇಳ್ತೀನಿ."

ಕಾಲುನಡಿಗೆಯಲ್ಲಿ ಊರೊಳಗಿನ ದೊಡ್ಡ ತಾರು ಕಚೇರಿಗೆ ಹೋದೆ. ತಾರು ಬಾಬು ಎಂದು ಹೇಳಿಕೊಳ್ಳದೆ ಎಲ್ಲರ ಹಿಂದೆ ಸರದಿಯಲ್ಲಿ ನಿಂತೆ. ಫಾರ್ಮು ತೆಗೆದುಕೊಂಡು, ಎರಡೆರಡು ಅರ್ಥ ಬಾರದ ಮಾತು ಹುಡುಕಿ ಹುಡುಕಿ, ವೈನಿ ಆರಾಮ ಇದ್ದಾಳೋ, ಯಾವಾಗ ಬರುತ್ತಾಳೆ ಎಂದು ಬರೆದೆ. ತಪ್ಪು ನನ್ನದು ಎಂದೂ ಬರೆದೆ. ಜವಾಬಿನ ದುಡ್ಡನ್ನೂ ಇಲ್ಲೇ ಕಟ್ಟಿದೆ, ಅವಳಿಗೆ ಖರ್ಚು ಬೀಳದಿರಲೆಂದು.

ಜವಾಬು ಬಂದಿಲ್ಲ. ಸಾಸಿವೆ ಡಬ್ಬಿ ಅವಳು ಬೋರಲು ಹಾಕಿದ ಕಡೆಯೇ ಇದೆ, ಅವ್ವ ಯಾರಿಗೂ ಎತ್ತಗೊಡುವುದಿಲ್ಲ. ನಾನು ತಾರು ಕೊಟ್ಟು ಇವತ್ತಿಗೆ ಇಪ್ಪತ್ತಾರು ದಿನ. ನಾನೇ ಎಣಿಸಿದ್ದೇನೆ.